ಪಿನ್ ಪಾರ್ವತಿ ದಾಟಲು ನಂದಿಯ ಮೆಟ್ಟಿಲು ಸಾಕೇ?

ನೂಲೆಳೆ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ನನ್ನದೊಂದು ಸಣ್ಣ ರೀಲಿಂಗ್ (ರೇಷ್ಮೆಗೂಡಿನಿಂದ ನೂಲು ತೆಗೆಯುವ) ಘಟಕವಿದೆ. ವಯಸ್ಸು 44. ಬೆಳಗಿನಿಂದ ಸಂಜೆಯವರೆಗೆ ಗೂಡು, ಹಬೆ, ನೂಲು. ಭಾನುವಾರ ಬಂದರೆ ಬೆಟ್ಟ. ಸ್ಕಂದಗಿರಿಯನ್ನು ಎಷ್ಟು ಸಲ ಹತ್ತಿದ್ದೇನೆ ಎಂಬ ಲೆಕ್ಕ ತಪ್ಪಿಹೋಗಿದೆ. ಹೋದ ವರ್ಷ ಹಿಮಾಚಲದಲ್ಲಿ ಹಂಪ್ತಾ ಪಾಸ್ (4,270 ಮೀಟರ್) ದಾಟಿ ಬಂದೆ. ತಲೆನೋವು ಕೂಡ ಬರಲಿಲ್ಲ.

ಈಗ ಇಬ್ಬರು ಸ್ನೇಹಿತರು ಸೇರಿಕೊಂಡು ಸೆಪ್ಟೆಂಬರ್ ಮೊದಲ ವಾರ ಪಿನ್ ಪಾರ್ವತಿಗೆ ಹೋಗೋಣ ಎನ್ನುತ್ತಿದ್ದಾರೆ. ಕುಲ್ಲು ಕಡೆಯ ಬರ್ಶೈಣಿಯಿಂದ ಹೊರಟು, ಖೀರಗಂಗಾ, ಮಂತಲಾಯಿ ಸರೋವರದ ಮೇಲೆ ಹಾದು, 5,319 ಮೀಟರ್ ಎತ್ತರದ ಕಣಿವೆದಾರಿಯನ್ನು (ಪಾಸ್) ದಾಟಿ ಸ್ಪಿತಿಯ ಮುದ್ ಹಳ್ಳಿಗೆ ಇಳಿಯುವುದು. ಹತ್ತು ದಿನದ ನಡಿಗೆ. ನಡುವೆ ಹಿಮನದಿಯ ಮೇಲೆ ಹಗ್ಗ ಕಟ್ಟಿಕೊಂಡು ಹೋಗಬೇಕಂತೆ. ಇದುವರೆಗೆ ನಾನು ಹಗ್ಗ ಕಟ್ಟಿಕೊಂಡು ನಡೆದವನಲ್ಲ.

ವಾರಕ್ಕೆ ಎರಡು ಸಲ ಸುಲ್ತಾನ್ ಪೇಟೆ ಕಡೆಯಿಂದ ನಂದಿಯ 1175 ಮೆಟ್ಟಿಲು ಹತ್ತಿದರೆ ತಯಾರಿ ಸಾಕಾಗುತ್ತದೆಯೇ? ಹಿಮನದಿಯ ಮೇಲೆ ನಡೆಯುವುದೆಂದರೆ ನಿಜಕ್ಕೂ ಹೇಗಿರುತ್ತದೆ? ಇನ್ನೊಂದು ಮಾತು, ಕೇಳಲು ನಾಚಿಕೆ: ಇಪ್ಪತ್ತು ವರ್ಷದಿಂದ ನನ್ನ ಬೆರಳುಗಳು ಬಿಸಿನೀರಿಗೆ ಒಗ್ಗಿವೆ. ಚರ್ಮ ತೆಳ್ಳಗಾಗಿದೆ, ಬಿರುಕು ಬಿಡುತ್ತದೆ. ಆ ಚಳಿಗೆ ಏನಾದೀತು? ದಾಟಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಕಾಲುಹಾದಿ, ಗೌರಿಬಿದನೂರು

ಹಂಪ್ತಾ ದಾಟಿದವರಿಗೆ ಇದು ಅಷ್ಟೇನೂ ದೊಡ್ಡದಲ್ಲ ಸರ್. ಒಂದು ಸಾವಿರ ಮೀಟರ್ ಹೆಚ್ಚು, ಐದಾರು ದಿನ ಹೆಚ್ಚು. ಎತ್ತರದ ತೊಂದರೆಗೆ ಕೊಡುವ ಡೈಮಾಕ್ಸ್ ಮಾತ್ರೆ ಇಟ್ಟುಕೊಳ್ಳಿ, ಮೂರು ತಿಂಗಳು ಓಡಿ, ಮೆಟ್ಟಿಲು ಹತ್ತಿ. ಮನಸ್ಸು ಗಟ್ಟಿ ಇದ್ದರೆ ಸಾಕು, ಮೈ ಹಿಂದೆಯೇ ಬರುತ್ತದೆ. ಶುಭವಾಗಲಿ.

ಕಂಬದ ಮೇಲಿನವ, ಮಧುಗಿರಿ

ನೂಲೆಳೆಯವರೇ, ಮೇಲಿನವರು ಗಟ್ಟಿ ಮನಸ್ಸಿನ ಬಗ್ಗೆ ಬರೆದಿದ್ದಾರಲ್ಲ, ಅಂಥದ್ದೊಂದು ಮನಸ್ಸು ಇದ್ದುದರಿಂದಲೇ 2017ರಲ್ಲಿ ನಾನು ಮಂತಲಾಯಿಯಿಂದ ಹಿಂದಿರುಗಬೇಕಾಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಲೈನ್‌ಮನ್. ಇಪ್ಪತ್ತಾರು ವರ್ಷ ಕಂಬ ಹತ್ತಿ ಇಳಿದ ಮೈ. ಏಕಶಿಲಾ ಬೆಟ್ಟ ಮನೆಯ ಬಾಗಿಲಿಗೇ ಕಾಣುತ್ತದೆ. ನಸುಕಿನಲ್ಲಿ ಹತ್ತಿ ಇಳಿದು, ಸ್ನಾನ ಮಾಡಿ ಡ್ಯೂಟಿಗೆ ಹೋಗುತ್ತಿದ್ದವನು. ನಮ್ಮ ತಂಡದ ಏಳು ಜನರಲ್ಲಿ ನಾನೇ ಮುಂದೆ. ಐದನೆಯ ದಿನ 'ಓಡಿ ಥಾಚ್' ಎಂಬ ಜಾಗದಲ್ಲಿ (ಥಾಚ್ ಎಂದರೆ ಆ ಕಡೆ ಹುಲ್ಲುಗಾವಲು) ಹಣೆಯ ಹಿಂದೆ ಒಂದು ನೋವು ಕುಳಿತಿತು. ನೀರು ಕಡಿಮೆ ಕುಡಿದೆ, ಟೋಪಿ ಬಿಗಿಯಾಗಿದೆ, ರಾತ್ರಿ ನಿದ್ದೆ ಇಲ್ಲ ಎಂದು ನನಗೆ ನಾನೇ ಮೂರು ಕಾರಣ ಕೊಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ಮುಂದೆ ನಡೆಯುವವನಿಗೆ ತಲೆನೋವು ಎಂದರೆ ಮರ್ಯಾದೆ ಏನಾಗಬೇಕು?

ಕಂಡುಹಿಡಿದದ್ದು ಅಡುಗೆಯವನು. ಮಂತಲಾಯಿಯ ಶಿಬಿರದಲ್ಲಿ ಎರಡು ಹೊತ್ತು ನನ್ನ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿದದ್ದನ್ನು ನೋಡಿ, ನನಗೆ ಒಂದು ಮಾತೂ ಆಡದೆ ಹೋಗಿ ಮಾರ್ಗದರ್ಶಿಗೆ ಹೇಳಿದ. ಮಾರ್ಗದರ್ಶಿ ಬಂದು ನೆಲದ ಮೇಲೆ ಹತ್ತು ಅಡಿ ಹಗ್ಗ ಎಳೆದು ಹಾಸಿ, 'ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ ಇದರ ಮೇಲೆ ನಡೆಯಿರಿ' ಎಂದ. ನನಗೆ ನಗು ಬಂತು. ಕಂಬದ ಅಡ್ಡಪಟ್ಟಿಯ (ಕ್ರಾಸ್ ಆರ್ಮ್) ಮೇಲೆ ನಿಂತು ತಂತಿ ಬಿಗಿಯುವವನಿಗೆ ಇದೇನು ಪರೀಕ್ಷೆ ಎಂದು ಹೆಜ್ಜೆ ಇಟ್ಟೆ. ಮೂರನೆಯ ಹೆಜ್ಜೆಗೇ ಹಗ್ಗದಿಂದ ಆಚೆ ಬಿದ್ದೆ. ಮತ್ತೆ ನಿಂತೆ, ಮತ್ತೆ ವಾಲಿದೆ. ನೆಲದ ಮೇಲೆ, ಹಗಲು ಬೆಳಕಿನಲ್ಲಿ! ಅವನು ಮರುಮಾತಾಡಲಿಲ್ಲ. ಅರ್ಧ ಗಂಟೆಯೊಳಗೆ ನನ್ನ ಚೀಲ ಇನ್ನೊಬ್ಬನ ಬೆನ್ನ ಮೇಲಿತ್ತು. ಇಬ್ಬರು ಎರಡೂ ಕಡೆ ತೋಳು ಹಿಡಿದು ಠಾಕುರ್ ಕುವಾವರೆಗೆ ಇಳಿಸಿದರು. ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಮಾರನೆಯ ಬೆಳಿಗ್ಗೆ ಎದ್ದಾಗ ಹಸಿವಾಗಿತ್ತು. ಆ ಹಸಿವಿನ ಸಂತೋಷವನ್ನು ಇವತ್ತಿಗೂ ಮರೆತಿಲ್ಲ.

ಆ ಸಲದ ಸಂಘಟಕರು ಒಂದು ದಿನದ ಖರ್ಚು ಉಳಿಸಲು ವಿಶ್ರಾಂತಿಯ ದಿನವನ್ನೇ ತೆಗೆದುಹಾಕಿದ್ದರು. ಆದರೆ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದವನು ನಾನು. ಅದನ್ನು ಅವರ ಲೆಕ್ಕಕ್ಕೆ ಬರೆಯಲಾಗದು.

ಈಗ ನಿಮ್ಮ ಹಂಪ್ತಾ ವಿಚಾರ. ಅಲ್ಲಿ 4,270 ಮೀಟರಿಗೆ ಹೋದಿರಿ, ನಿಜ. ಆದರೆ ಎಷ್ಟು ಹೊತ್ತು ಇದ್ದಿರಿ? ಅದೇ ದಿನ ದಾಟಿ ಕೆಳಗೆ ಇಳಿದು ಮಲಗಿದಿರಿ. ಎತ್ತರದ ಲೆಕ್ಕದಲ್ಲಿ ಎಲ್ಲಿಯವರೆಗೆ ಹತ್ತಿದಿರಿ ಎನ್ನುವುದಕ್ಕಿಂತ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. ಪಿನ್ ಪಾರ್ವತಿಯಲ್ಲಿ ನಾಲ್ಕು ಸಾವಿರದ ಮೇಲೆ ಮೂರು ನಾಲ್ಕು ರಾತ್ರಿ ಮಲಗಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 300ರಿಂದ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಇರಬೇಕು ಎಂಬುದು ಎಲ್ಲರೂ ಒಪ್ಪಿದ ನಿಯಮ. ಖೀರಗಂಗಾ 2,960 ಮೀಟರಿನ ಆಸುಪಾಸು. ಅಲ್ಲಿಂದ ಮಂತಲಾಯಿಯವರೆಗೆ, ಅಂದರೆ ಸುಮಾರು 4,100 ಮೀಟರಿನವರೆಗೆ, ದಾರಿ ನಿಧಾನವಾಗಿಯೇ ಏರುತ್ತದೆ. ಕಷ್ಟವಿರುವುದು ಅದರ ಮುಂದೆ. ಕಣಿವೆದಾರಿಯ ಕೆಳಗಿನ ಶಿಬಿರ ಸುಮಾರು 4,900 ಮೀಟರಿನಲ್ಲಿ ಬೀಳುತ್ತದೆ. ಒಂದೇ ದಿನಕ್ಕೆ 800 ಮೀಟರ್! ಹಾಗಾಗಿ ಮಂತಲಾಯಿಯಲ್ಲಿ ಎರಡು ರಾತ್ರಿ ಕಡ್ಡಾಯ. ನಡುವೆ ಇನ್ನೊಂದು ಶಿಬಿರ ಹಾಕುವವರು ಸಿಕ್ಕರೆ ಇನ್ನೂ ಒಳ್ಳೆಯದು. ನೀವು ಮಾತಾಡಿರುವ ಸಂಘಟಕರ ದಿನಪಟ್ಟಿಯಲ್ಲಿ ಇದು ಇಲ್ಲದಿದ್ದರೆ ಮುಂಗಡ ಕೊಡಬೇಡಿ.

ನಂದಿಯ ಮೆಟ್ಟಿಲು ಕಾಲಿಗೆ ಒಳ್ಳೆಯದು, ಉಸಿರಿಗೂ ಒಳ್ಳೆಯದು. ಆದರೆ ನಂದಿಯ ನೆತ್ತಿ 1,478 ಮೀಟರ್. ಅಲ್ಲಿಯ ಗಾಳಿ ನಿಮಗೆ ಏನನ್ನೂ ಕಲಿಸುವುದಿಲ್ಲ. 5,300 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅದಕ್ಕೆ ಮೈ ಒಗ್ಗುವುದು ಅಲ್ಲಿಯೇ, ರಾತ್ರಿಗಳ ಲೆಕ್ಕದಲ್ಲಿ. ಇನ್ನು ಮೆಟ್ಟಿಲೆಂದರೆ ಎಲ್ಲವೂ ಕಾಲಿಗೆ ಹೇಳಿ ಮಾಡಿಸಿದಂತೆ ಇರುತ್ತವೆ. ಮಂತಲಾಯಿಯ ಮೇಲೆ ಹಿಮನದಿ ತಂದು ಸುರಿದ ಕಲ್ಲುರಾಶಿಯಿದೆ. ಕಾಲಿಟ್ಟ ಕಲ್ಲು ಜಾರಿದರೆ ಪಕ್ಕದ ನಾಲ್ಕೂ ಜಾರುತ್ತವೆ. ಅದಕ್ಕೆ ಸ್ಕಂದಗಿರಿಯ ಬಂಡೆಗಳ ನಡುವೆ ಹತ್ತು ಹನ್ನೆರಡು ಕೆಜಿ ಹೊತ್ತು ಇಳಿಯುವುದನ್ನು ಅಭ್ಯಾಸ ಮಾಡಿ. ಹತ್ತುವುದಲ್ಲ, ಇಳಿಯುವುದು. ಚಿತ್ರಾವತಿಯಲ್ಲಿ ಇನ್ನೂ ಮರಳು ಉಳಿದಿರುವ ಜಾಗ ಎಲ್ಲಾದರೂ ಇದ್ದರೆ ಅದರಲ್ಲಿ ಹೊರೆ ಹೊತ್ತು ಒಂದು ಗಂಟೆ ನಡೆಯಿರಿ. ಬಿಸಿಲೇರಿದ ಮೇಲೆ ಹಿಮದಲ್ಲಿ ನಡೆಯುವುದು ಹೆಚ್ಚುಕಡಿಮೆ ಅದೇ, ಕಾಲು ತಣ್ಣಗಿರುತ್ತದೆ ಅಷ್ಟೆ.

ಹಿಮನದಿಗೆ ಬರುತ್ತೇನೆ. ಎರಡನೆಯ ಸಲ ಹೋದದ್ದು 2022ರ ಸೆಪ್ಟೆಂಬರ್. ಬೆಳಗಿನ ಜಾವ ಮೂರಕ್ಕೆ ಹೊರಟೆವು. ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿರುತ್ತದೆ. ಬೂಟಿಗೆ ಕಟ್ಟಿದ ಕ್ರ್ಯಾಂಪಾನಿನ ಮುಳ್ಳುಗಳು ಕರಕರ ಎಂದು ಕಚ್ಚಿಕೊಳ್ಳುತ್ತವೆ. ಇಳಿಜಾರು ಕಡಿದಾಗಿಲ್ಲ. ಬಿಳಿ ಹೊಲದಂತೆ ಕಾಣುತ್ತದೆ. ಮೋಸವೇ ಅಲ್ಲಿ. ಆ ಹೊಲದ ಕೆಳಗೆ ಮಂಜುಗಡ್ಡೆ ಬಿರುಕು ಬಿಟ್ಟಿರುತ್ತದೆ, ಬಿರುಕಿನ ಬಾಯಿಗೆ ಹಿಮ ಚಪ್ಪರ ಹಾಕಿರುತ್ತದೆ. ನಾಲ್ಕು ಜನ ಒಂದು ಹಗ್ಗದಲ್ಲಿ, ಒಬ್ಬರಿಂದ ಒಬ್ಬರಿಗೆ ಎಂಟು ಹತ್ತು ಮೀಟರ್. ಹಗ್ಗ ನೆಲಕ್ಕೆ ಜೋತು ಬೀಳಬಾರದು, ಮುಂದಿನವನನ್ನು ಎಳೆಯಲೂ ಬಾರದು. ನನಗೆ ಇದು ಬೇಗ ಹಿಡಿಯಿತು, ಕಂಬದ ಮೇಲೆ ಸೇಫ್ಟಿ ಬೆಲ್ಟಿನ ಹಗ್ಗವೂ ಹೀಗೆಯೇ. ಆದರೆ ಹಿಂದಿದ್ದ ಹುಡುಗ ಫೋಟೋ ತೆಗೆಯಲು ಹತ್ತಿರ ಹತ್ತಿರ ಬಂದು ಹಗ್ಗವನ್ನು ಕೈಯಲ್ಲಿ ಸುತ್ತಿಕೊಳ್ಳುತ್ತಿದ್ದ. ಅವನಿಗೆ ನಾಲ್ಕು ಸಲ ಬೈದೆ.

ಬೆಳಕು ಹರಿಯುವ ಹೊತ್ತಿಗೆ ಮುಂದಿದ್ದ ಮಾರ್ಗದರ್ಶಿಯ ಒಂದು ಕಾಲು ತೊಡೆಯವರೆಗೆ ಒಳಗೆ ಹೋಯಿತು. ಶಬ್ದವೇ ಇಲ್ಲ. ಕೋಲಿನಿಂದ ಚುಚ್ಚಿ ನೋಡಿಯೇ ಹೆಜ್ಜೆ ಇಟ್ಟಿದ್ದ, ಆದರೂ. ಹಗ್ಗ ಬಿಗಿಯಾಯಿತು, ನಾವು ಮೂವರೂ ಇದ್ದಲ್ಲೇ ಕುಳಿತೆವು. ಅವನು ಮೆಲ್ಲಗೆ ಮಗ್ಗುಲಾಗಿ ಉರುಳಿ ಹೊರಗೆ ಬಂದ. ದಾಟುವಾಗ ಆ ತೂತಿನಲ್ಲಿ ಇಣುಕಿದೆ. ಮೇಲೆ ಬಿಳುಪು, ಕೆಳಗೆ ನೀಲಿ, ಅದರ ಕೆಳಗೆ ಕಪ್ಪು. ಎಲ್ಲೋ ಆಳದಲ್ಲಿ ನೀರು ಹರಿಯುವ ಸದ್ದು. ನಮ್ಮೂರ ಹಳೆಯ ಬಾವಿಗೆ ಕಲ್ಲು ಹಾಕಿದಾಗ ಬರುವ ತಂಪು ಗಾಳಿಯಂತೆ ಒಂದು ಗಾಳಿ ಮುಖಕ್ಕೆ ಬಡಿಯಿತು.

ಒಂಬತ್ತು ಗಂಟೆಗೆ ಮೊದಲು ಮೇಲಿದ್ದೆವು. ತಡವಾದರೆ ಬಿಸಿಲಿಗೆ ಆ ಚಪ್ಪರಗಳು ಮೆತ್ತಗಾಗುತ್ತವೆ. ತೊರೆಗಳದ್ದೂ ಇದೇ ನ್ಯಾಯ: ಬೆಳಿಗ್ಗೆ ಮೊಣಕಾಲುದ್ದ ಇದ್ದದ್ದು ಮಧ್ಯಾಹ್ನದ ಕರಗುವಿಕೆಗೆ ಸೊಂಟ ಮುಟ್ಟುತ್ತದೆ.

ನಾನು ಹೇಳಬೇಕಾದದ್ದು ಇದಕ್ಕಿಂತ ಬೇರೆ ಒಂದಿದೆ. ಸ್ಕಂದಗಿರಿ, ಮಧುಗಿರಿ ಎಲ್ಲ ಹತ್ತಿ ಇಳಿಯುವ ಬೆಟ್ಟಗಳು. ಸುಸ್ತಾದರೆ ತಿರುಗಿ ಬಂದ ದಾರಿಯಲ್ಲೇ ಇಳಿದರೆ ಎಳನೀರು ಸಿಗುತ್ತದೆ. ಪಾಸ್ ಎಂದರೆ ದಾಟುವುದು. ಮೇಲಿನ ಶಿಬಿರದಲ್ಲಿ ನಿಮಗೆ ಏನಾದರೂ ಆದರೆ ಹಿಂದಕ್ಕೆ ರಸ್ತೆ ನಾಲ್ಕು ದಿನದ ದೂರ. ಮುಂದಕ್ಕೆ ಮುದ್ ಎರಡು ದಿನ, ಆದರೆ ಅದಕ್ಕೆ ಇನ್ನೂ 400 ಮೀಟರ್ ಮೇಲೆ ಹತ್ತಲೇಬೇಕು. ಖೀರಗಂಗಾದಿಂದ ಮುಂದೆ ಮುದ್‌ವರೆಗೆ ಮೊಬೈಲ್ ನೆಚ್ಚಿಕೊಳ್ಳುವಂತಿಲ್ಲ. ಸ್ಯಾಟಲೈಟ್ ಫೋನನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ, ವಿದೇಶದಿಂದ ಯಾರೋ ತಂದುಕೊಟ್ಟರು ಎಂದು ಒಯ್ಯಬೇಡಿ. ಅಂದಮೇಲೆ ನಿರ್ಧಾರ ಮಾಡುವ ಜಾಗ ಮಂತಲಾಯಿ. ಅಲ್ಲಿ ತ್ರಿಶೂಲಗಳನ್ನು ನೆಟ್ಟ ಶಿವನ ಸ್ಥಾನವಿದೆ. ಅದರ ಮುಂದೆ ಕುಳಿತು ಮಾರ್ಗದರ್ಶಿಗೆ ಸುಳ್ಳು ಹೇಳದೆ ಉತ್ತರ ಕೊಡಿ. ಊಟ ಸೇರಿತೇ? ನಿದ್ದೆ ಬಂತೇ? ತಲೆ ಹೇಗಿದೆ? ನಮ್ಮ ಕೆಲಸದಲ್ಲಿ ಎಲ್‌ಸಿ ಎನ್ನುತ್ತೇವೆ, ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದೆ, ತಂತಿ ಮುಟ್ಟಬಹುದು ಎಂಬ ಅನುಮತಿ. ಅದು ಸಿಗುವವರೆಗೆ, ಊರಿಗೆ ಊರೇ ಕಂಬದ ಕೆಳಗೆ ನಿಂತು ಕರೆಂಟಿಗಾಗಿ ಬೈದರೂ ಮುಟ್ಟುವಂತಿಲ್ಲ. ಮಂತಲಾಯಿಯಲ್ಲಿ ಎಲ್‌ಸಿ ಕೊಡುವವನು ಮಾರ್ಗದರ್ಶಿ. ಹಣ ಕಟ್ಟಿದ ನೀವಲ್ಲ.

ಬೆರಳಿಗೆ: ಒಳಗೆ ತೆಳು ಕೈಗವಸು, ಮೇಲೆ ದಪ್ಪದ್ದು, ಚೀಲದಲ್ಲಿ ಇನ್ನೊಂದು ಒಣ ಜೋಡಿ. ಕ್ರ್ಯಾಂಪಾನ್ ಪಟ್ಟಿ ಬಿಗಿಯುವಾಗ ಎಲ್ಲರೂ ಬರಿಗೈ ಮಾಡುತ್ತಾರೆ, ಅಲ್ಲಿಯೇ ಕೆಡುವುದು. ತೆಳು ಕೈಗವಸು ಹಾಕಿಕೊಂಡೇ ಪಟ್ಟಿ ಬಿಗಿಯುವುದನ್ನು ಮನೆಯಲ್ಲಿ ಐವತ್ತು ಸಲ ಮಾಡಿ. ಹರಿದ ಎಳೆ ಹುಡುಕಿ ಜೋಡಿಸುವ ಬೆರಳು ನಿಮ್ಮದು, ಕಷ್ಟವಾಗದು.

ಅಂತರಗಂಗೆ, ಕೋಲಾರ

ನಾನು ಶುಶ್ರೂಷಕಿ, ಬೆಟ್ಟ ಹತ್ತುವವಳಲ್ಲ. ನನ್ನ ತಮ್ಮ ಹತ್ತುತ್ತಾನೆ ಎಂಬ ಕಾರಣಕ್ಕೆ ಇದನ್ನೆಲ್ಲ ಓದುತ್ತೇನೆ. ಎರಡು ಮಾತು ಹೇಳದೆ ಇರಲಾಗುತ್ತಿಲ್ಲ.

ಲೈನ್‌ಮನ್ ಅಣ್ಣ ಅದನ್ನು ತಲೆನೋವಿನ ಕಥೆಯಂತೆ ಬರೆದಿದ್ದಾರೆ. ನೆಟ್ಟಗೆ ನಡೆಯಲಾಗಲಿಲ್ಲ ಎಂದರೆ ಅದು ಬರೀ ತಲೆನೋವಲ್ಲ, ಮಿದುಳು ಊದಿಕೊಳ್ಳಲು ಆರಂಭವಾದ ಲಕ್ಷಣ. ಆ ರಾತ್ರಿ ಅಲ್ಲೇ ಮಲಗಿಸಿದ್ದರೆ ಬೆಳಿಗ್ಗೆ ಎಬ್ಬಿಸುವುದು ಕಷ್ಟವಾಗುತ್ತಿತ್ತೋ ಏನೋ. ಕತ್ತಲಾಗುವುದನ್ನು ಲೆಕ್ಕಿಸದೆ ಅಂದೇ ಇಳಿಸಿದ ಆ ಮಾರ್ಗದರ್ಶಿಗೆ ಕೈ ಮುಗಿಯಬೇಕು. ಇನ್ನೊಂದು ಅಪಾಯ ಶ್ವಾಸಕೋಶದಲ್ಲಿ ನೀರು ತುಂಬುವುದು: ಸುಮ್ಮನೆ ಕುಳಿತಾಗಲೂ ಏದುಸಿರು, ಒಣಕೆಮ್ಮು, ತುಟಿ ನೀಲಿಯಾಗುವುದು. ಎರಡಕ್ಕೂ ಮೊದಲ ಮದ್ದು ಕೆಳಗಿಳಿಯುವುದು. ಉಳಿದದ್ದೆಲ್ಲ ಆಮೇಲೆ.

ಡೈಮಾಕ್ಸ್ ಎಂದು ಸುಲಭವಾಗಿ ಬರೆದುಬಿಡುತ್ತಾರೆ. ಅಸೆಟಜೋಲಮೈಡ್ ಅದರ ಮದ್ದಿನ ಹೆಸರು. ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಎತ್ತರಕ್ಕೆ ಹೊರಡುವ ಹಿಂದಿನ ದಿನದಿಂದ ಕೊಡುತ್ತಾರೆ. ಬೆರಳು ಜುಮ್ಮೆನ್ನುತ್ತವೆ, ಮೂತ್ರ ಹೆಚ್ಚಾಗುತ್ತದೆ. ಸಲ್ಫಾ ಮದ್ದು ಆಗದವರು ವೈದ್ಯರಿಗೆ ಅದನ್ನು ಮೊದಲೇ ಹೇಳಬೇಕು. ಇದು ಮೈ ಒಗ್ಗಿಕೊಳ್ಳಲು ಸಹಾಯ ಮಾಡುವ ಮದ್ದು, ವಿಶ್ರಾಂತಿಯ ದಿನಕ್ಕೆ ಬದಲಿಯಲ್ಲ.

ನೂಲೆಳೆ ಅಣ್ಣ, ನಿಮ್ಮ ಬೆರಳಿಗಿಂತ ನನಗೆ ನಿಮ್ಮ ಎದೆಯ ಚಿಂತೆ. ಇಪ್ಪತ್ತು ವರ್ಷ ರೀಲಿಂಗ್ ಘಟಕದ ಹಬೆಯಲ್ಲಿ, ಹುಳುವಿನ ವಾಸನೆಯಲ್ಲಿ, ಒಲೆಯ ಹೊಗೆಯಲ್ಲಿ ಉಸಿರಾಡಿದ್ದೀರಿ. ರೇಷ್ಮೆ ಕೆಲಸದವರಲ್ಲಿ ಆಸ್ತಮಾ ಅಪರೂಪವಲ್ಲ. ಹಂಪ್ತಾದಲ್ಲಿ ಏನೂ ಆಗಲಿಲ್ಲ ಎಂದು ಬಿಡಬೇಡಿ. ಸ್ಪೈರೋಮೆಟ್ರಿ ಎಂಬ ಪರೀಕ್ಷೆ ಇದೆ, ಒಂದು ಕೊಳವೆಗೆ ಜೋರಾಗಿ ಊದುವುದು, ಅರ್ಧ ಗಂಟೆಯ ಕೆಲಸ. ಮುಂಗಡ ಕಟ್ಟುವುದಕ್ಕಿಂತ ಮೊದಲು ಅದನ್ನು ಮಾಡಿಸಿ.

ಕೋವಿಡ್ ಕಾಲದ ಆಕ್ಸಿಮೀಟರ್ ಮನೆಯಲ್ಲಿ ಬಿದ್ದಿದ್ದರೆ ಒಯ್ಯಿರಿ, ಆದರೆ ಅದನ್ನೇ ನೋಡುತ್ತ ಕೂರಬೇಡಿ. ನಾಲ್ಕು ಸಾವಿರ ಮೀಟರಿನಲ್ಲಿ 85 ಎಂದು ತೋರಿಸಿದರೆ ಊರಿನ ಲೆಕ್ಕದಲ್ಲಿ ಗಾಬರಿ, ಅಲ್ಲಿ ಸಾಮಾನ್ಯ. ತಣ್ಣಗಾದ ಬೆರಳಿಗೆ ಹಾಕಿದರೆ ಸುಳ್ಳನ್ನೂ ಹೇಳುತ್ತದೆ.

ನೂಲೆಳೆ, ಶಿಡ್ಲಘಟ್ಟ

ಇಬ್ಬರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ಅಕ್ಕ, ನೀವು ಬರೆದ ಮೂರನೆಯ ದಿನವೇ ಹೋಗಿ ಊದಿ ಬಂದೆ. ಸಣ್ಣ ಕೊರತೆ ಇದೆಯಂತೆ. ಇನ್‌ಹೇಲರ್ ಕೊಟ್ಟಿದ್ದಾರೆ, ಎಂಟು ವಾರ ಬಿಟ್ಟು ಮತ್ತೆ ಊದಿಸಿ ನೋಡಿ, ಆಮೇಲೆ ಹೋಗಬಹುದೋ ಇಲ್ಲವೋ ಹೇಳುತ್ತೇನೆ ಎಂದರು ವೈದ್ಯರು. ಬಿಸಿನೀರಿನ ಮುಂದೆ ಕುಳಿತು ಸಂಜೆಗೆ ಬರುವ ಕೆಮ್ಮನ್ನು ಇಷ್ಟು ದಿನ ಕೆಲಸದ ಭಾಗ ಎಂದುಕೊಂಡಿದ್ದೆ. ಹಾಗಾಗಿ ಈ ಸೆಪ್ಟೆಂಬರ್ ಬಿಟ್ಟೆ. ಬರುವ ವರ್ಷ, ವೈದ್ಯರು ಒಪ್ಪಿದರೆ.

ಸ್ನೇಹಿತರಲ್ಲಿ ಒಬ್ಬರು ಮುನಿಸಿಕೊಂಡಿದ್ದಾರೆ. ಮಂತಲಾಯಿಯಲ್ಲಿ ಎರಡು ರಾತ್ರಿ ಎಂದರೆ ರಜೆ ಸಾಲದು, ಬೇಕಾದರೆ ಸೆಪ್ಟೆಂಬರ್ ಕೊನೆಗೆ ಹೋಗೋಣ, ಆಗ ದಸರಾ ರಜೆ ಸೇರಿಸಿಕೊಳ್ಳಬಹುದು ಎನ್ನುತ್ತಾರೆ. ಅದು ಆಗುತ್ತದೆಯೇ ಅಣ್ಣ? ಇನ್ನೊಂದು, ನಮ್ಮ ಅಮ್ಮನ ಪ್ರಶ್ನೆ: ಹತ್ತು ದಿನ ಮುದ್ದೆ ಇಲ್ಲದೆ ಇವನು ಹೇಗೆ ನಡೆಯುತ್ತಾನೆ? ಅಲ್ಲಿ ಕುದಿಯುವ ನೀರೇ ಬಿಸಿ ಇರುವುದಿಲ್ಲವಂತೆ?

ಕಂಬದ ಮೇಲಿನವ, ಮಧುಗಿರಿ

ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು. ಪಾಸ್ ಎಲ್ಲಿಗೂ ಓಡಿಹೋಗುವುದಿಲ್ಲ. ಕೆಮ್ಮು ಹೋಗಲಿ ಮೊದಲು.

ಸೆಪ್ಟೆಂಬರ್ ಕೊನೆ ಬೇಡ. 2018ರಲ್ಲಿ ಅದೇ ಕೊನೆಯ ವಾರದಲ್ಲಿ ಲಾಹೌಲ್ ಸ್ಪಿತಿಯ ಕಡೆ ಅಕಾಲದಲ್ಲಿ ಹಿಮ ಸುರಿದು, ದಾರಿಗಳು ಮುಚ್ಚಿ, ನೂರಾರು ಜನ ಸಿಕ್ಕಿಬಿದ್ದಿದ್ದರು, ಹೆಲಿಕಾಪ್ಟರ್ ಕಳಿಸಬೇಕಾಯಿತು. ರಜೆಯ ಲೆಕ್ಕ ಹಿಡಿದು ಹೋಗುವ ಸ್ನೇಹಿತರನ್ನು ಹಂಪ್ತಾಕ್ಕೇ ಕರೆದುಕೊಂಡು ಹೋಗಿ. ಒಂದೇ ಹಗ್ಗಕ್ಕೆ ಕಟ್ಟಿಕೊಳ್ಳಬೇಡಿ.

ಅಮ್ಮನಿಗೆ ಹೇಳಿ, ಅವರು ಕೇಳಿದ್ದು ಸರಿ. ಮಂತಲಾಯಿಯಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಗೂಡು ಬೇಯಿಸುವ ನಿಮಗೆ ಆ ವ್ಯತ್ಯಾಸ ಏನೆಂದು ನಾನು ಹೇಳಬೇಕಿಲ್ಲ. ಎರಡನೆಯ ಸಲ ಹೋದಾಗ ನಾನು ಒಂದೂವರೆ ಕೆಜಿ ರಾಗಿಹಿಟ್ಟು ಒಯ್ದಿದ್ದೆ. ಅಡುಗೆಯವನ ಕೋಲು ಇಸಿದುಕೊಂಡು ತೊಳಸಿದೆ. ಮುದ್ದೆ ಆಯಿತು! ಸ್ವಲ್ಪ ಹೆಚ್ಚು ಹೊತ್ತು ಮುಚ್ಚಿಡಬೇಕು ಅಷ್ಟೆ, ಹಿಟ್ಟು ಬೇಯಲು ಅಷ್ಟು ಶಾಖ ಸಾಕು. ಬೇಯದೆ ಉಳಿದದ್ದು ತೊಗರಿಬೇಳೆ. ಕುಕ್ಕರ್ ಇಲ್ಲದ ಪಾತ್ರೆಯಲ್ಲಿ ಎರಡು ಗಂಟೆ ಕುದಿಸಿದರೂ ಹಲ್ಲಿಗೆ ಕಲ್ಲು. ಅವತ್ತು ಎಲ್ಲರೂ ಮುದ್ದೆಯನ್ನು ಮ್ಯಾಗಿಯ ಸಾರಿನಲ್ಲಿ ಅದ್ದಿ ನುಂಗಿದೆವು. ಪಂಜಾಬಿನ ಒಬ್ಬರು ಮಾತ್ರ ಅಗಿದು ಅಗಿದು ಅತ್ತರು.

ಅದಕ್ಕಿಂತ ಸುಲಭ ರಾಗಿ ಹುರಿಹಿಟ್ಟು. ಬೇಯಿಸುವ ಗೋಜಿಲ್ಲ, ಬಿಸಿನೀರು, ಬೆಲ್ಲ ಸಾಕು. ಪಾಸಿನ ದಿನ ಬೆಳಗಿನ ಜಾವ ಎರಡು ಗಂಟೆಗೆ ಬೇರೆ ಯಾವುದೂ ಗಂಟಲಲ್ಲಿ ಇಳಿಯುವುದಿಲ್ಲ, ಇದು ಇಳಿಯುತ್ತದೆ. ಬೆಲ್ಲವನ್ನು ಮನೆಯಲ್ಲೇ ಪುಡಿ ಮಾಡಿಸಿಕೊಂಡು ಹೋಗಿ. ನಾನು ಅಚ್ಚನ್ನೇ ಒಯ್ದಿದ್ದೆ, ಮೇಲಿನ ಶಿಬಿರದ ಚಳಿಗೆ ಅದು ಕಲ್ಲಾಗಿತ್ತು. ಐಸ್ ಆ್ಯಕ್ಸಿನ ಹಿಂಬದಿಯಿಂದ ಒಡೆದೆ, ಅರ್ಧ ಹಾರಿ ಕತ್ತಲಲ್ಲಿ ಹಿಮದ ಮೇಲೆ ಬಿತ್ತು, ಸಿಗಲಿಲ್ಲ.